ಹಳೆ ಹಕ್ಕಿ ಚಿತ್ರ ಕೊಳ್ಳುವ ಮೊದಲು ಎಲೆಯ ಅಂಚು ನೋಡಿ

ಲಂಡನ್‌ನಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವುದು ನನ್ನ ಕೆಲಸ. ಹೂಬಿಟ್ಟ ಕೊಂಬೆ, ಮೇಲೊಂದು ಹಾಡುಹಕ್ಕಿ, ಇನ್ನೂರು ವರ್ಷ ಹಳೆಯದಂತೆ ಅಂತ ಜನ ತರುತ್ತಲೇ ಇರುತ್ತಾರೆ. ಅದರಲ್ಲಿ ಆಫ್‌ಸೆಟ್, ಅಂದರೆ ಈಗಿನ ಯಂತ್ರದಲ್ಲಿ ಅಚ್ಚಾದ ನಕಲುಗಳೇ ಜಾಸ್ತಿ. ಸುಮ್ನೆ ಚೆಂದಕ್ಕಾದರೆ ನಕಲೇ ಸಾಕು. ಆದರೆ ಅಸಲಿನ ಬೆಲೆ ಕೊಡಬಾರದು, ಅಲ್ವಾ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚ್ ತಗೊಂಡು ಹೋಗಿ. ಫ್ರೇಮ್ ಬಿಚ್ಚಿ ತೋರಿಸಿ ಅನ್ನಿ. ಅಂಗಡಿಯವರು ಒಪ್ಪದಿದ್ದರೆ ಎದ್ದು ಬನ್ನಿ.

ಹಕ್ಕಿ ಆಮೇಲೆ. ಮೊದಲು ಎಲೆಯ ಅಂಚಿಗೆ ಭೂತಗನ್ನಡಿ ಹಿಡಿಯಿರಿ. ಆಗ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಗೆರೆ ಮಾತ್ರ, ಬಣ್ಣ ತುಂಬುತ್ತಿದ್ದದ್ದು ಕುಂಚದಿಂದ. ಹಾಗಾಗಿ ಹಸಿರು ಒಂದು ಕಡೆ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಹೋಗಿರುತ್ತದೆ, ಇನ್ನೊಂದು ಕಡೆ ಗೆರೆ ಮುಟ್ಟದೆ ಬಿಳಿ ಉಳಿದಿರುತ್ತದೆ. ಆಫ್‌ಸೆಟ್‌ನಲ್ಲಾದರೆ ಇಡೀ ಎಲೆ ನೀಲಿ, ಹಳದಿ, ಕೆಂಪು ಚುಕ್ಕಿಗಳಾಗಿ ಒಡೆದುಕೊಳ್ಳುತ್ತದೆ. ಚುಕ್ಕಿಗಳು ಸಾಲಾಗಿ ಕಂಡರೆ ಮುಂದೆ ನೋಡುವುದೇ ಬೇಡ.

ಈಗ ಗರಿ. ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಮಾರ್ಕ್ ಕೇಟ್ಸ್‌ಬಿ ಅಮೆರಿಕದ ಕ್ಯಾರೊಲಿನಾ ಕಡೆಯ ಹಕ್ಕಿ, ಗಿಡಗಳ ಪುಸ್ತಕವನ್ನು ಲಂಡನ್‌ನಲ್ಲಿ ತಂದ. 1731 ಮತ್ತು 1743ರ ಎರಡು ಸಂಪುಟ, ಅನುಬಂಧ ಸೇರಿ 220 ಚಿತ್ರ. ಅಚ್ಚಿಗಾಗಿ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೆತ್ತುವ ಕೆತ್ತನೆಗಾರರಿಗೆ ಕೊಡುವಷ್ಟು ದುಡ್ಡಿರಲಿಲ್ಲ, ತಾನೇ ಆ ಕೆಲಸ ಕಲಿತ. ಅಡ್ಡಗೆರೆ ಹೊಡೆಯದೆ ಗರಿ ಹೋದ ದಿಕ್ಕಿಗೇ ಗೀರಿದ. ಡಾಗ್‌ವುಡ್ ಹೂಗಳ ನಡುವೆ ಕೂತ ಅವನ ಮಾಕಿಂಗ್‌ಬರ್ಡ್‌ನ ಮೈಮೇಲೆ ಗೆರೆಗಳನ್ನು ಹಿಂಬಾಲಿಸಿ ನೋಡಿ, ಗೊತ್ತಾಗುತ್ತದೆ. ನನ್ನ ಕಣ್ಣಿಗೆ ನುರಿತ ಕೆತ್ತನೆಗಾರರ ಕೆಲಸಕ್ಕಿಂತ ಅದೇ ಚೆನ್ನ.

ಟಾರ್ಚನ್ನು ಹಾಳೆಯ ಪಕ್ಕದಿಂದ ಮಲಗಿಸಿ ಹಿಡಿಯಿರಿ. ತೇವದ ಹಾಳೆಯನ್ನು ತಾಮ್ರದ ತಗಡಿನ ಮೇಲಿಟ್ಟು ರೋಲರ್ ಕೆಳಗೆ ಹಾಯಿಸುತ್ತಿದ್ದರು. ಅದಕ್ಕೇ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ, ಮಸಿಯ ಗೆರೆ ತುಸು ಉಬ್ಬಿರುತ್ತದೆ. ತಗ್ಗೊಂದನ್ನೇ ನಂಬಬೇಡಿ. ಅದನ್ನು ಈಗಲೂ ಒತ್ತಿ ಮಾಡಬಹುದು. ಅಂಚು ಕತ್ತರಿಸಿದ್ದರೆ ಅಸಲಿಯಲ್ಲೂ ಇರುವುದಿಲ್ಲ. ಅಮೆರಿಕದ ಹಕ್ಕಿ ಚಿತ್ರಕಾರ ಆಡುಬಾನ್‌ನ ಹಕ್ಕಿಗಳಲ್ಲಿ ಇನ್ನೊಂದು ಗೊಂದಲ. 1827ರಿಂದ 1838ರವರೆಗೆ ಬಂದ ದೊಡ್ಡ ಹಾಳೆಗಳು ತಾಮ್ರದವು. 1840ರಲ್ಲಿ ಶುರುವಾದ ಸಣ್ಣ ಆವೃತ್ತಿಗೆ ಕಲ್ಲಚ್ಚು, ಅಂದರೆ ಚಪ್ಪಟೆ ಕಲ್ಲಿನ ಮೇಲೆ ಬರೆದು ಒತ್ತಿದ್ದು. ಅದಕ್ಕೂ ಕೈಯಲ್ಲೇ ಬಣ್ಣ ಹಾಕಿದ್ದಾರೆ, ಆದರೆ ತಗ್ಗು ಇರುವುದಿಲ್ಲ.

ಕೊನೆಗೆ ಹಾಳೆ ತಿರುವಿ. ಕೆಲವು ಹಳೆ ಹಸಿರುಗಳಲ್ಲಿ ತಾಮ್ರದ ಅಂಶವಿತ್ತು. ಅದು ಕಾಗದವನ್ನು ತಿನ್ನುತ್ತದೆ, ಎಲೆಗಳ ಹಿಂಬದಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣವಿಲ್ಲದ ಹಳೆ ಅಚ್ಚಿಗೆ ಇತ್ತೀಚೆಗೆ ಬಣ್ಣ ಬಳಿದು ಮಾರುವವರೂ ಇದ್ದಾರೆ. ಅಂಥದರಲ್ಲಿ ಗೆರೆ ಹಳೆಯದು, ಬೆಲೆ ಮಾತ್ರ ಕಡಿಮೆ ಆಗಬೇಕು. ಆದ್ದರಿಂದ ರಸೀದಿಯಲ್ಲಿ ‘ತಾಮ್ರದ ಅಚ್ಚು, ಬಣ್ಣ ಆ ಕಾಲದ್ದೇ’ ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಚೌಕಾಸಿ ಶುರು ಮಾಡಿ.