‘ಪ್ಯಾರಡೈಸ್’ ಪದದ ಬೇರು ಹುಡುಕುವ ಬಗೆ, ಫಾರಸಿಯಲ್ಲಿ ಅದಕ್ಕೆ ಸರಿಯಾದ ಪದ

‘ಪ್ಯಾರಡೈಸ್’ ಅಂದೊಡನೆ ನಮ್ಮ ಕಿವಿಗೆ ‘ಪರದೇಶ’ ಕೇಳಿಸುತ್ತದೆ. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಸದ್ದು ಹೋಲುತ್ತದೆಂದು ನಂಟು ಕಟ್ಟುವ ಮೊದಲು, ಪದವನ್ನು ಅದರ ಹಳೆಯ ರೂಪದವರೆಗೆ ಹಿಂಬಾಲಿಸಬೇಕು.

ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು. ಫ್ರೆಂಚಿಗೆ ಲ್ಯಾಟಿನ್ನಿನಿಂದ, ಲ್ಯಾಟಿನ್ನಿಗೆ ಗ್ರೀಕಿನ ‘ಪರಾದೈಸೋಸ್’ನಿಂದ. ಗ್ರೀಕರು ಅದನ್ನು ಪಡೆದದ್ದು ಪ್ರಾಚೀನ ಇರಾನಿನ ನುಡಿಯೊಂದರಿಂದ. ಅದರ ಜೋಡಿ ರೂಪ ಪಾರಸಿಗಳ ಹಳೆಯ ಧರ್ಮಗ್ರಂಥವಾದ ಅವೆಸ್ತಾದಲ್ಲಿ ‘ಪೈರಿದಏಜ಼’ ಎಂದು ಉಳಿದಿದೆ.

ಈಗ ಪದ ಬಿಡಿಸಿ. ‘ಪೈರಿ’ ಎಂದರೆ ಸುತ್ತಲೂ. ನಮ್ಮ ಪರಿಧಿ, ಪರಿಸರಗಳಲ್ಲಿರುವ ‘ಪರಿ’ಯೇ ಅದು. ‘ದಏಜ಼’ ಎಂದರೆ ಮಣ್ಣು ಮೆತ್ತಿ ಎಬ್ಬಿಸಿದ ಗೋಡೆ. ಸಂಸ್ಕೃತದಲ್ಲಿ ಇದರ ಜೊತೆಗಾರ ‘ದಿಹ್’ ಧಾತು, ಅಂದರೆ ಮೆತ್ತು, ಬಳಿ. ‘ದೇಹ’ ಹುಟ್ಟಿದ್ದು ಅದರಿಂದ. ಕಲಸಿದ ಹಿಟ್ಟಿಗೆ ಇಂಗ್ಲಿಷರು ಹೇಳುವ ‘ಡೋ’ ಕೂಡ ಇದೇ ಬೇರಿನದು. ಎರಡೂ ಸೇರಿದರೆ ಸುತ್ತ ಗೋಡೆ ಹಾಕಿದ ಜಾಗ.

ಮೂರನೆಯ ಹೆಜ್ಜೆ ಧ್ವನಿಯ ಪರೀಕ್ಷೆ, ಇದನ್ನು ಬಿಡಲೇಬಾರದು. ಸಂಸ್ಕೃತದ ‘ಹ’ ಇರುವ ಕಡೆ ಅವೆಸ್ತಾದಲ್ಲಿ ಸಾಮಾನ್ಯವಾಗಿ ‘ಜ಼’ ಬರುತ್ತದೆ: ಹಸ್ತ–ಜ಼ಸ್ತ, ಹಿರಣ್ಯ–ಜ಼ರನ್ಯ. ಸಂಸ್ಕೃತದ ‘ಶ’ ಇರುವ ಕಡೆ ‘ಸ’: ದಶ–ದಸ, ಶತ–ಸತ. ‘ದೇಶ’ದಿಂದ ಬಂದಿದ್ದರೆ ಅಲ್ಲಿ ‘ಸ’ ಇರಬೇಕಿತ್ತು, ಇರುವುದು ‘ಜ಼’. ಮೇಲಾಗಿ ‘ಪರ’ ಎಂದರೆ ಬೇರೆ, ‘ಪರಿ’ ಎಂದರೆ ಸುತ್ತ. ಹೀಗಾಗಿ ಪರದೇಶದ ನಂಟು ನಿಲ್ಲುವುದಿಲ್ಲ.

ಅರ್ಥ ಹೇಗೆ ಸರಿಯಿತು ಎಂಬುದನ್ನೂ ಒಪ್ಪವಾಗಿ ಹಿಡಿಯಬೇಕು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫಾನ್ ಈ ಪದ ಬಳಸಿದ್ದು ಪರ್ಷಿಯದ ದೊರೆಗಳ ಉಪವನಗಳಿಗೆ; ಅವುಗಳಲ್ಲಿ ಬೇಟೆಗೆಂದು ಕಾಡುಪ್ರಾಣಿಗಳೂ ಇರುತ್ತಿದ್ದವು. ಹೀಬ್ರೂ ಬೈಬಲನ್ನು ಗ್ರೀಕಿಗೆ ತಂದವರು ಆದಾಮ-ಹವ್ವರಿದ್ದ ಏದೆನ್ ತೋಟಕ್ಕೂ ಅದನ್ನೇ ಹಚ್ಚಿದರು. ತೋಟ ಸ್ವರ್ಗವಾದದ್ದು ಆ ದಾರಿಯಲ್ಲಿ. ಕನ್ನಡ ಬೈಬಲಿನ ‘ಪರದೈಸು’ ಇದರದೇ ಕೊನೆಯ ಕೊಂಡಿ.

ಇನ್ನು ಫಾರಸಿ ಪದ ಆರಿಸುವುದು. ಹಳೆಯ ಪದದ ಮರಿ ಎಂದು ‘ಪರ್ದೀಸ್’ ಬರೆದರೆ ಎಡವುತ್ತೀರಿ: ಇಂದಿನ ಇರಾನಿನಲ್ಲಿ ಅದು ವಿಶ್ವವಿದ್ಯಾಲಯದ ಆವರಣಕ್ಕೆ ಹೇಳುವ ಮಾತು. ದಿನಬಳಕೆಗೆ ‘ಬೆಹೆಶ್ತ್’ ಸರಿ. ಅದರ ಮೂಲ ಅವೆಸ್ತಾದ ‘ವಹಿಶ್ತ’, ಅತ್ಯುತ್ತಮ ಎಂದರ್ಥ. ನಮ್ಮ ವಸಿಷ್ಠ ಹೆಸರಿನ ಸೋದರ. ಧಾರ್ಮಿಕ ಬರಹದಲ್ಲಿ ಅರಬ್ಬಿಯ ‘ಜನ್ನತ್’ ಬರಬಹುದು. ‘ಫೆರ್ದೋಸ್’ ಗಂಭೀರ, ಕಾವ್ಯದ ಪದ. ಅದು ಇರಾನಿನಿಂದ ಹೊರಟು ಅರಬ್ಬಿ ಸುತ್ತಿ ಮನೆಗೆ ಮರಳಿದ ಪದ. ಅರಬ್ಬಿಯಲ್ಲಿ ‘ಪ’ ಇಲ್ಲದ್ದರಿಂದ ‘ಫ’ ಆಯಿತು. ಬರೀ ತೋಟವಾದರೆ ‘ಬಾಗ್’. 1760ರಲ್ಲಿ ಹೈದರಾಲಿ ಶುರುಮಾಡಿದ ಲಾಲ್‌ಬಾಗಿನಲ್ಲಿರುವುದೂ ಇದೇ.

ಎರಡು ಪದ ಜೋಡಿಸುವಾಗ ನಡುವೆ ‘ಎ’ ಮರೆಯಬೇಡಿ. ಪ್ರವಾಸಿಗರ ಸ್ವರ್ಗ ‘ಬೆಹೆಶ್ತ್-ಎ ಗರ್ದೆಶ್‌ಗರಾನ್’, ಸ್ವರ್ಗಪಕ್ಷಿ ‘ಮೊರ್ಗ್-ಎ ಬೆಹೆಶ್ತೀ’. ಫಾರಸಿ ಲಿಪಿಯಲ್ಲಿ ಈ ‘ಎ’ಯನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವಾಗ ನಾವೇ ಸೇರಿಸಿಕೊಳ್ಳಬೇಕು.