ಬಸಿಗಾಲುವೆ ತೋಡುವಾಗ ವಾಟ ತಪ್ಪದಿರಲಿ

ಮಳೆ ನಿಂತು ಎರಡು ದಿನವಾದರೂ ಅಂಗಳದಲ್ಲಿ ಕಾಲಿಟ್ಟರೆ ಪಚಪಚ ಎನ್ನುತ್ತದೆಯೇ? ಮಣ್ಣೊಳಗಿನ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ ಎಂದರ್ಥ. ಇದಕ್ಕೆ ಮದ್ದು ಬಸಿಗಾಲುವೆ. ಉದ್ದಕ್ಕೆ ಒಂದು ಕಾಲುವೆ ಅಗೆದು, ತೂತಿನ ಪೈಪ್ ಇಟ್ಟು, ಸುತ್ತ ಜಲ್ಲಿ ತುಂಬುವುದು, ಅಷ್ಟೇ. ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ 1859ರಲ್ಲೇ ಇಂಥ ಕಾಲುವೆಗಳ ಬಗ್ಗೆ ವಿವರವಾಗಿ ಬರೆದಿದ್ದರು. ‘ಫ್ರೆಂಚ್ ಡ್ರೈನ್’ ಎಂಬ ಹೆಸರು ಬಂದದ್ದು ಅವರಿಂದ. ಕೆಲಸ ದೊಡ್ಡದಲ್ಲ. ಆದರೂ ಹಾಕಿದ ವರ್ಷದೊಳಗೇ ಮತ್ತೆ ಅಗೆಯಬೇಕಾಗಿ ಬಂದ ಕಾಲುವೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಜಾಸ್ತಿ ಕಡೆ ತಪ್ಪಿದ್ದು ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು.

1. ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂದು ಮೊದಲು ಗೊತ್ತು ಮಾಡಿ. ತಗ್ಗಿನ ಜಾಗ, ಮಳೆನೀರಿನ ಚರಂಡಿ ಅಥವಾ ಇಂಗುಗುಂಡಿ ಆಗಬಹುದು. ಪಕ್ಕದವರ ಜಾಗಕ್ಕೆ ಬೇಡ, ಒಳಚರಂಡಿಗಂತೂ ಬೇಡವೇ ಬೇಡ.

2. ದಾರಿಯಲ್ಲಿ ಕರೆಂಟ್ ಕೇಬಲ್, ನೀರಿನ ಪೈಪ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಗುರುತು ಹಾಕಿ. 30 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳ ಸಾಮಾನ್ಯವಾಗಿ ಸಾಕು.

3. ಈಗ ವಾಟ. 100 ಮೀಟರಿಗೆ 1 ಮೀಟರ್ ಇಳಿಯಬೇಕು, ಅಂದರೆ ಪ್ರತಿ ಮೀಟರಿಗೆ 1 ಸೆಂಟಿಮೀಟರ್. 20 ಮೀಟರ್ ಕಾಲುವೆಗೆ 20 ಸೆಂಟಿಮೀಟರ್. ಇದನ್ನು ಕಣ್ಣಳತೆಯಲ್ಲಿ ಮಾಡಲು ಹೋಗಬೇಡಿ. ನೆಲ ಇಳಿದಂತೆ ಕಾಣುತ್ತದೆ, ನಿಜವಾಗಿ ಏರಿರುತ್ತದೆ. ಸಣ್ಣ ರಸಮಟ್ಟವನ್ನೂ ಇಷ್ಟು ಉದ್ದಕ್ಕೆ ನಂಬಬೇಡಿ.

ಪಾರದರ್ಶಕ ಟ್ಯೂಬಿಗೆ ನೀರು ತುಂಬಿ. ಎರಡೂ ತುದಿ ಮೇಲೆತ್ತಿ ಹಿಡಿದರೆ ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಳಗೆ ಒಂದೂ ಗುಳ್ಳೆ ಇರಬಾರದು, ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಕಾಲುವೆಯ ಪಕ್ಕದಲ್ಲಿ 5 ಮೀಟರಿಗೊಂದು ಗೂಟ ನೆಟ್ಟು, ಎಲ್ಲದರ ಮೇಲೂ ನೀರಿನ ಮಟ್ಟ ಗುರುತು ಮಾಡಿ. ಮೊದಲ ಗೂಟದಲ್ಲಿ ಗುರುತಿಗೇ ದಾರ ಕಟ್ಟಿ. ಎರಡನೆಯದರಲ್ಲಿ ಗುರುತಿನಿಂದ 5 ಸೆಂಟಿಮೀಟರ್ ಕೆಳಗೆ, ಮೂರನೆಯದರಲ್ಲಿ 10, ಆಮೇಲೆ 15, ಕೊನೆಯದರಲ್ಲಿ 20. ಎರಡೇ ಗೂಟಕ್ಕೆ ದಾರ ಎಳೆದರೆ ನಡುವೆ ಜೋತುಬೀಳುತ್ತದೆ, ಅದಕ್ಕೇ ಇಷ್ಟೊಂದು ಗೂಟ. ಈಗ ದಾರವೇ ನಿಮ್ಮ ವಾಟ. ಮೊದಲ ಗೂಟದಲ್ಲಿ ದಾರ ನೆಲದಿಂದ 30 ಸೆಂಟಿಮೀಟರ್ ಮೇಲಿದ್ದರೆ, 90 ಸೆಂಟಿಮೀಟರಿನ ಒಂದು ಕೋಲು ಕತ್ತರಿಸಿಕೊಳ್ಳಿ. ಅಗೆಯುತ್ತಾ ಮೀಟರಿಗೊಮ್ಮೆ ಕೋಲು ನಿಲ್ಲಿಸಿ ನೋಡಿ. ಬುಡ ತಳಕ್ಕೆ, ತುದಿ ದಾರಕ್ಕೆ ಸರಿಯಾಗಿ ತಾಗಬೇಕು.

ಎಲ್ಲಾದರೂ ಜಾಸ್ತಿ ಅಗೆದುಬಿಟ್ಟರೆ ಅದೇ ಮಣ್ಣು ವಾಪಸ್ ಹಾಕಬೇಡಿ. ಸಡಿಲ ಮಣ್ಣು ಮುಂದೆ ಕುಸಿದು, ಪೈಪಿಗೆ ಹೊಟ್ಟೆ ಬರುತ್ತದೆ. ಆ ತಗ್ಗಿನಲ್ಲಿ ನೀರು ನಿಂತು, ಕೆಸರು ಕೂತು, ಪೈಪ್ ಕಟ್ಟಿಕೊಳ್ಳುತ್ತದೆ. ಜಲ್ಲಿ ಹಾಕಿ ದಮ್ಮಸು ಮಾಡಿ. ಅಗೆದು ಮುಗಿದ ಮೇಲೆ ಖಾಲಿ ಕಾಲುವೆಗೆ ಮೇಲಿನ ತುದಿಯಿಂದ ಎರಡು ಬಕೆಟ್ ನೀರು ಸುರಿಯಿರಿ. ಮಧ್ಯೆ ಎಲ್ಲಿ ನಿಲ್ಲುತ್ತದೋ ಅಲ್ಲೇ ತಪ್ಪಿದೆ. ಈಗ ಸರಿಮಾಡಲು ಹತ್ತು ನಿಮಿಷ ಸಾಕು. ಜಲ್ಲಿ ತುಂಬಿದ ಮೇಲೆ ಗೊತ್ತಾದರೆ ಎರಡು ದಿನದ ಕೆಲಸ, ಅಲ್ವಾ?

4. ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಕಾಲುವೆಯೊಳಗೆ ಹಾಸಿ, ಎರಡೂ ಬದಿ ಧಾರಾಳವಾಗಿ ಹೊರಗೆ ಬಿಡಿ. ಪ್ಲಾಸ್ಟಿಕ್ ಶೀಟ್ ಬೇಡ, ಅದು ನೀರನ್ನೇ ತಡೆಯುತ್ತದೆ. ಪೈಪಿಗೆ ಮಾತ್ರ ಕಾಲುಚೀಲದಂತೆ ಬಟ್ಟೆ ತೊಡಿಸಿ ಮಾರುತ್ತಾರೆ. ಜೇಡಿಮಣ್ಣಿನಲ್ಲಿ ಅದೊಂದನ್ನೇ ನಂಬಿದರೆ ಮಣ್ಣು ಜಲ್ಲಿಯೊಳಗೆ ನುಗ್ಗುತ್ತದೆ, ಚೀಲವೂ ಬೇಗ ಕಟ್ಟಿಕೊಳ್ಳುತ್ತದೆ. ಬಟ್ಟೆ ಇಡೀ ಜಲ್ಲಿಯನ್ನು ಸುತ್ತಬೇಕು.

5. ತಳಕ್ಕೆ 5 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 100 ಮಿಲಿಮೀಟರ್ ಪೈಪ್. ತೂತು ಕೆಳಗೆ ಬರಬೇಕು. ಮೇಲೆ ಇರಬೇಕು ಎಂದು ತುಂಬಾ ಜನ ವಾದ ಮಾಡುತ್ತಾರೆ. ಆದರೆ ಕಾಲುವೆಯಲ್ಲಿ ನೀರು ತಳದಿಂದ ಏರುತ್ತದೆ. ತೂತು ಮೇಲಿದ್ದರೆ ಪೈಪ್ ಮುಳುಗುವವರೆಗೂ ಒಳಗೆ ಹನಿ ಬರುವುದಿಲ್ಲ. ಸುರುಳಿಯಾಗಿ ಸಿಗುವ ಬಳುಕುವ ಪೈಪ್ ಅಗ್ಗ, ಹಾಕುವುದೂ ಸುಲಭ. ನಾನಂತೂ ಗಟ್ಟಿ ಪಿವಿಸಿಯನ್ನೇ ಹಾಕಿ ಎನ್ನುತ್ತೇನೆ. ಕಷ್ಟಪಟ್ಟು ಹಿಡಿದ ವಾಟವನ್ನು ಬಳುಕುವ ಪೈಪ್ ಸುಮ್ನೆ ಹಾಳು ಮಾಡುತ್ತದೆ. ಮೇಲಿನ ತುದಿಗೆ ಮುಚ್ಚಳವಿರುವ ನಿಲುವು ಪೈಪ್ ಜೋಡಿಸಿ, ಮುಂದೆ ನೀರು ಹೊಡೆದು ತೊಳೆಯಬಹುದು.

6. ತೊಳೆದ, ಪುಡಿಯಿಲ್ಲದ 20ರಿಂದ 40 ಮಿಲಿಮೀಟರಿನ ಜಲ್ಲಿ ತುಂಬಿ. ಬಟ್ಟೆಯ ಎರಡೂ ಬದಿಯನ್ನು ಮೇಲೆ ಒಂದರ ಮೇಲೊಂದು ಮಡಚಿ, ಮೇಲೆ ಮಣ್ಣು ಹಾಕಿ.

ಚಾವಣಿಯ ನೀರನ್ನು ಈ ಪೈಪಿಗೆ ಬಿಡಬೇಡಿ. 100 ಚದರ ಮೀಟರ್ ಚಾವಣಿಗೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ಆಗುತ್ತದೆ. ಅದು ತೂತುಗಳಿಂದ ಹೊರಬಂದು, ಒಣಗಿಸಬೇಕಾದ ಮಣ್ಣನ್ನೇ ನೆನೆಸುತ್ತದೆ. ಅದಕ್ಕೆ ತೂತಿಲ್ಲದ ಬೇರೆ ಪೈಪ್ ಹಾಕಿ.

7. ಹೊರಬಾಯಿಗೆ ಇಲಿ ನುಗ್ಗದಂತೆ ಜಾಲರಿ ಹಾಕಿ. ಮೊದಲ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿಗೆ ಹೋಗಿ ನೋಡಿ. ಶುರುವಿನಲ್ಲಿ ಸ್ವಲ್ಪ ಕದಡಿದ ನೀರು ಬಂದರೆ ಚಿಂತೆ ಬೇಡ. ಮಳೆ ಮಳೆಗೂ ಕೆಸರೇ ಬರುತ್ತಿದ್ದರೆ ಬಟ್ಟೆ ಎಲ್ಲೋ ಹರಿದಿದೆ. ಕಾಲುವೆಯ ಮೇಲೆ ನೆಲ ಕುಸಿದ ಜಾಗ ಹುಡುಕಿ, ಅಲ್ಲಿ ಮಾತ್ರ ಬಿಚ್ಚಿ ಸರಿಮಾಡಿ.