ಪುಕ್ಕಟೆ ರಿಪೀಟ್ ಬ್ಯಾಚ್ ಬಿಟ್ಟೆ, ಸಿಸಿಎನ್‌ಎ ಪಾಸಾದೆ

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಲೆಕ್ಕಪತ್ರದ ಕೆಲಸ ಬಿಟ್ಟು ನೆಟ್‌ವರ್ಕಿಂಗ್‌ಗೆ, ಅಂದರೆ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಕೆಲಸಕ್ಕೆ ಬರಲು ನನಗೆ ಆಗಿನ ಸಂಬಳದ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರು ತಿಂಗಳ ಸಂಬಳ ಖರ್ಚಾಯಿತು. ಅದರಲ್ಲಿ ಮೂರು ತಿಂಗಳದ್ದು ಮೊದಲನೇ ಟ್ರೈನಿಂಗ್ ಸಂಸ್ಥೆಗೆ ಹೋಯಿತು. ಸಿಸಿಎನ್‌ಎ ಅನ್ನೋದು ಸಿಸ್ಕೋ ಕಂಪನಿ ಕೊಡುವ ನೆಟ್‌ವರ್ಕಿಂಗ್ ಸರ್ಟಿಫಿಕೇಟ್. ಅದರ ಪರೀಕ್ಷೆ ಫೀಸು 300 ಡಾಲರ್, ಎರಡು ಸಲ ಕಟ್ಟಿದೆ. ನನ್ನನ್ನು ನಿಜವಾಗಿ ಪಾಸು ಮಾಡಿಸಿದ ಎರಡನೇ ಕೋರ್ಸಿಗೆ ಆಗಿದ್ದು ಮುಕ್ಕಾಲು ತಿಂಗಳ ಸಂಬಳ ಅಷ್ಟೇ. ಈ ಕೋರ್ಸನ್ನು ನಾನು ಆರಿಸಿದ ರೀತಿ ಯಾರಿಗೂ ಸರಿ ಕಾಣಲಿಲ್ಲ. ಈಗ ಕೆಲಸ ಸಿಕ್ಕಿದೆ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷ ಗೋದಾಮಿನ ಲೆಕ್ಕ ಬರೆದವನು ನಾನು. ಹೊರಟಾಗ ವಯಸ್ಸು 36. ಮೊದಲ ಸಂಸ್ಥೆಯ ಕರಪತ್ರದಲ್ಲಿ 60 ಗಂಟೆ ಕ್ಲಾಸು, ನೆಟ್‌ವರ್ಕ್ ಸಾಧನ ಜೋಡಿಸಿಟ್ಟ ಅಸಲಿ ರ‍್ಯಾಕ್, ಕೆಲಸದ ಗ್ಯಾರಂಟಿ ಎಲ್ಲ ಇತ್ತು. ಗ್ಯಾರಂಟಿ ಅನ್ನೋ ಪದಕ್ಕೆ ನಾನು ಬಿದ್ದೆ. ಮೂರನೇ ವಾರ ಫ್ರೇಮ್ ರಿಲೇ ಅನ್ನೋ ಹಳೇ ಕಾಲದ ತಂತ್ರಜ್ಞಾನದ ಮೇಲೆ ಎರಡು ಪೂರ್ತಿ ಕ್ಲಾಸು ನಡೆಯಿತು. ಸ್ಲೈಡಿನ ಮೂಲೆಯಲ್ಲಿ ಐಸಿಎನ್‌ಡಿ-1, ಐಸಿಎನ್‌ಡಿ-2 ಅಂತ ಸಿಸಿಎನ್‌ಎಯ ಹಳೇ ಪರೀಕ್ಷೆಗಳ ಹೆಸರು ಇತ್ತು. ಆ ಪರೀಕ್ಷೆಗಳು 2020ರ ಫೆಬ್ರವರಿಗೇ ನಿಂತುಹೋಗಿ, 200-301 ಅನ್ನೋ ಒಂದೇ ಪರೀಕ್ಷೆ ಬಂದಿತ್ತು. ನನಗೆ ಆಗ ಗೊತ್ತಿರಲಿಲ್ಲ. ಇದ್ದ ಒಂದು ರ‍್ಯಾಕ್ ಗಾಜಿನ ಕೋಣೆಯಲ್ಲಿತ್ತು. ಮೇಷ್ಟ್ರು ಪ್ರೊಜೆಕ್ಟರ್‌ನಲ್ಲಿ ಕಮಾಂಡ್ ಹೊಡೆಯುತ್ತಿದ್ದರು, ನಾವು 28 ಜನ ನೋಡುತ್ತಿದ್ದೆವು. ಆಮೇಲೆ ಡೈರಿ ತೆಗೆದು ಎಣಿಸಿದೆ. 60 ಗಂಟೆಯಲ್ಲಿ ನನ್ನ ಕೈ ಕೀಬೋರ್ಡಿನ ಮೇಲಿದ್ದದ್ದು ಸುಮಾರು ಐದು ಗಂಟೆ.

ಮೊದಲ ಸಲ ಫೇಲಾದೆ. ಪ್ರಶ್ನೆ ಏನು ಬಂತು ಅಂತ ಬರೆಯುವಂತಿಲ್ಲ, ಪರೀಕ್ಷೆಗೆ ಮೊದಲು ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತೇವೆ. ಕಮಾಂಡ್ ಹೊಡೆದು ಮಾಡಿ ತೋರಿಸಬೇಕಾದ ಒಂದು ಲ್ಯಾಬ್ ಪ್ರಶ್ನೆಯಲ್ಲೇ ಅರ್ಧ ಗಂಟೆಗೂ ಜಾಸ್ತಿ ಕಳೆದೆ ಅಂತ ಮಾತ್ರ ಹೇಳಬಹುದು. ಇರುವುದು 120 ನಿಮಿಷ, ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಬರುವ ಹಾಗಿಲ್ಲ. ಕೊನೆಗೆ ಸುಮ್ನೆ ಯಾವುದೋ ಒಂದನ್ನು ಒತ್ತಿಕೊಂಡು ಹೋದೆ. ಹೊರಗೆ ಬಂದು ಒಂದು ಗಂಟೆ ಕೂತಲ್ಲೇ ಕೂತಿದ್ದೆ. ಮನೆಗೆ ಏನಂತ ಹೇಳಲಿ ಅನ್ನೋದೇ ಯೋಚನೆ.

ಸಂಸ್ಥೆಯವರು ಒಳ್ಳೆಯ ಮಾತೇ ಆಡಿದರು. "ಮುಂದಿನ ಬ್ಯಾಚ್‌ಗೆ ಪುಕ್ಕಟೆ ಬನ್ನಿ ಸರ್, ಒಂದು ಪೈಸೆ ಬೇಡ" ಅಂದರು. ಮನೆಯವರು, ಗೆಳೆಯರು, ಜೊತೆಗೆ ಓದಿದವರು ಎಲ್ಲರೂ ಹೋಗು ಅಂದರು. ದುಡ್ಡು ಕಳೆದುಕೊಂಡವನು ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಮತ್ತೆ ದುಡ್ಡು ಕೊಡ್ತೀನಿ ಅಂದರೆ ಯಾರು ಒಪ್ತಾರೆ? ಆದರೆ ನನ್ನ ಲೆಕ್ಕದಲ್ಲಿ ಅದು ಪುಕ್ಕಟೆ ಅಲ್ಲ. ಇನ್ನೂ ನಾಲ್ಕು ತಿಂಗಳ ಸಂಜೆಗಳು, ಮತ್ತದೇ ಫ್ರೇಮ್ ರಿಲೇ.

ಇಲ್ಲಿ ನನ್ನ ಹಳೇ ಕಸುಬು ಕೈಹಿಡಿಯಿತು. ಸ್ಕೋರ್ ರಿಪೋರ್ಟಿನಲ್ಲಿ ವಿಭಾಗವಾರು ಶೇಕಡಾ ಕೊಡ್ತಾರಲ್ವಾ? ಬಹಳ ಜನ ಅದನ್ನು ನೋಡಿ ಬೇಜಾರಾಗಿ ಒಳಗಿಟ್ಟುಬಿಡ್ತಾರೆ. ನಾನು ಅದನ್ನು ನಷ್ಟದ ಪಟ್ಟಿ ಅಂತ ಓದಿದೆ. ಐಪಿ ಕನೆಕ್ಟಿವಿಟಿಗೆ (ಜಾಲದಿಂದ ಜಾಲಕ್ಕೆ ದಾರಿ ತೋರಿಸುವ ಭಾಗ) ಪರೀಕ್ಷೆಯಲ್ಲಿ ನೂರಕ್ಕೆ 25 ಪಾಲು. ನನಗೆ ಬಂದದ್ದು ಶೇಕಡಾ 40ರ ಆಸುಪಾಸು, ಅಂದರೆ ಅಲ್ಲೇ 15 ಹೋಯಿತು. ನೆಟ್‌ವರ್ಕ್ ಆಕ್ಸೆಸ್‌ಗೆ (ಸ್ವಿಚ್‌ಗಳ ಭಾಗ) 20 ಪಾಲು, ಅದರಲ್ಲಿ 11 ಹೋಯಿತು. ಆಟೋಮೇಶನ್‌ಗೆ 10 ಪಾಲು, 8 ಹೋಯಿತು. ಫಂಡಮೆಂಟಲ್ಸ್, ಅಂದರೆ ಮೂಲ ಪಾಠಗಳಲ್ಲಿ ಕಳೆದದ್ದು ನಾಲ್ಕೋ ಐದೋ ಅಷ್ಟೇ. ಹೀಗೆ ಬರೆದಾಗ ಒಂದು ವಿಷಯ ಎದ್ದು ಕಾಣಿಸಿತು. ಓದಿ ಬರೆಯುವ ಭಾಗದಲ್ಲಿ ನನಗೆ ಮೇಷ್ಟ್ರೇ ಬೇಕಾಗಿಲ್ಲ. ನಷ್ಟ ಮುಕ್ಕಾಲು ಪಾಲು ಇರುವುದು ಕೈಕೆಲಸದಲ್ಲಿ.

ಆಮೇಲೆ ಸಿಸ್ಕೋದವರೇ ಪುಕ್ಕಟೆ ಕೊಡುವ ಪರೀಕ್ಷೆ ವಿಷಯಗಳ ಪಟ್ಟಿಯನ್ನು ಪ್ರಿಂಟ್ ಹಾಕಿಸಿದೆ. ಅದರಲ್ಲಿ ಕ್ರಿಯಾಪದ ನೋಡಬೇಕು. ಕೆಲವು ಸಾಲು 'ವಿವರಿಸಿ' ಅನ್ನುತ್ತವೆ, ಕೆಲವು 'ಹೋಲಿಸಿ' ಅನ್ನುತ್ತವೆ, ಕೆಲವು 'ಕಾನ್ಫಿಗರ್ ಮಾಡಿ', ಅಂದರೆ ಸಾಧನದಲ್ಲಿ ನೀವೇ ಹೊಂದಿಸಿ ಅನ್ನುತ್ತವೆ. ಕಾನ್ಫಿಗರ್ ಇರುವ ಸಾಲಿಗೆಲ್ಲ ಕೆಂಪು ಗೆರೆ ಹಾಕಿದೆ. ವಿಲ್ಯಾನ್ (ಒಂದೇ ಜಾಲದೊಳಗೆ ಮಾಡಿದ ಬೇರೆ ಬೇರೆ ಗುಂಪು), ಟ್ರಂಕ್, ಈಥರ್‌ಚಾನೆಲ್, ಸ್ಟ್ಯಾಟಿಕ್ ರೂಟ್, ಓಎಸ್‌ಪಿಎಫ್ (ರೂಟರ್‌ಗಳು ದಾರಿಯ ಮಾಹಿತಿ ಹಂಚಿಕೊಳ್ಳುವ ವಿಧಾನ), ನ್ಯಾಟ್, ಡಿಎಚ್‌ಸಿಪಿ ರಿಲೇ, ಎಸಿಎಲ್, ಪೋರ್ಟ್ ಸೆಕ್ಯುರಿಟಿ ಹೀಗೆ ಸ್ವಿಚ್, ರೂಟರ್‌ಗಳಲ್ಲಿ ಮಾಡುವ ಕೆಲಸಗಳು ಹದಿನಾರೋ ಹದಿನೇಳೋ ಬಂದವು. 2024ರ ಆಗಸ್ಟ್‌ನಲ್ಲಿ ಈ ಪಟ್ಟಿಯ 1.1 ಆವೃತ್ತಿ ಬಂದು ಪಪೆಟ್, ಶೆಫ್ ಅನ್ನೋ ಆಟೋಮೇಶನ್ ಟೂಲ್‌ಗಳು ಹೋಗಿ ಟೆರಾಫಾರ್ಮ್ ಅನ್ನೋದು ಸೇರಿತು, ಆ ಬದಲಾವಣೆಗಳಿಗೆ ನೀಲಿ ಗೆರೆ. ನೀಲಿ ಗೆರೆಯ ವಿಷಯ ಕೇಳಿದರೆ ಸಾಕು, ಕೋರ್ಸಿನವರು ನೋಟ್ಸ್ ಹೊಸದು ಮಾಡಿದ್ದಾರೋ ಇಲ್ಲವೋ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಒಂಬತ್ತು ಕೋರ್ಸುಗಳಿಗೆ ಈ ಹಾಳೆ ಕಳಿಸಿ, "ಒಂದೊಂದು ಕೆಂಪು ಸಾಲಿಗೂ ನನ್ನ ಕೈ ಕೀಬೋರ್ಡ್ ಮೇಲೆ ಎಷ್ಟು ಹೊತ್ತು ಇರುತ್ತೆ?" ಅಂತ ಕೇಳಿದೆ. ಐದು ಕಡೆಯಿಂದ ಮತ್ತೆ ಕರಪತ್ರವೇ ಬಂತು. ಅವರನ್ನು ಬಿಟ್ಟೆ. ಉಳಿದ ನಾಲ್ವರ ಫೀಸನ್ನು ಆ ಗಂಟೆಗಳಿಂದ ಭಾಗಿಸಿದೆ. ಕೈ ಕೀಬೋರ್ಡಿನ ಮೇಲಿರುವ ಗಂಟೆಗೆ ನಾನು ಕೈಗಂಟೆ ಅಂತೀನಿ. ಮೊದಲ ಸಂಸ್ಥೆಯಲ್ಲಿ ಮೂರು ತಿಂಗಳ ಸಂಬಳಕ್ಕೆ ಐದು ಕೈಗಂಟೆ. ಕೊನೆಗೆ ಆರಿಸಿದ ಕೋರ್ಸಿನಲ್ಲಿ ಮುಕ್ಕಾಲು ತಿಂಗಳ ಸಂಬಳಕ್ಕೆ 22 ಕೈಗಂಟೆ. ಹದಿನೇಳು ಹದಿನೆಂಟು ಪಟ್ಟು ವ್ಯತ್ಯಾಸ! ಇಷ್ಟು ಸಲೀಸಾಗಿ ಕೋರ್ಸು ಅಳೆದವರನ್ನು ನಾನಂತೂ ಇನ್ನೂ ನೋಡಿಲ್ಲ.

ಲೆಕ್ಕ ಸರಿಬಂದರೂ ಡೆಮೊ ಕ್ಲಾಸು ನೋಡದೆ ಫೀಸು ಕಟ್ಟಲಿಲ್ಲ. ಡೆಮೊದಲ್ಲಿ ನಾನು ಮೂರು ಪ್ರಶ್ನೆ ಕೇಳುತ್ತೇನೆ, ಎರಡನ್ನು ಹೇಳುತ್ತೇನೆ. ಮೊದಲನೆಯದು: "ಎರಡು ರೂಟರ್‌ಗಳು ಓಎಸ್‌ಪಿಎಫ್ ನೈಬರ್ ಆಗದ ಹಾಗೆ ನೀವೇ ಏನಾದರೂ ಕೆಡಿಸಿ, ಆಮೇಲೆ ಹುಡುಕಿ ತೋರಿಸ್ತೀರಾ?" ಒಬ್ಬರು ಅದು ಸಿಲಬಸ್ಸಿನಲ್ಲಿ ಇಲ್ಲ ಅಂದರು. ಇನ್ನೊಬ್ಬರು ಮುಂದಿನ ವಾರ ಅಂದರು. ನಾನು ಆರಿಸಿದ ಕೋರ್ಸಿನ ಮೇಡಂ ಮಾತೇ ಆಡದೆ ಒಂದು ಕಡೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಬದಲಾಯಿಸಿದರು. ನೈಬರ್ ಎಕ್ಸ್‌ಸ್ಟಾರ್ಟ್ ಅನ್ನೋ ನಡುವಿನ ಹಂತದಲ್ಲೇ ಸಿಕ್ಕಿಕೊಂಡಿತು. "ಈಗ ನೀವೇ ಹುಡುಕಿ" ಅಂತ ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. ನನಗೆ ಆಗಲಿಲ್ಲ, ಆದರೆ ಸಂಜೆಗೇ ಫೀಸು ಕಟ್ಟಿದೆ. ಎರಡನೇ ಪ್ರಶ್ನೆ: "ಹೋದ ಬ್ಯಾಚ್‌ನಲ್ಲಿ ಸೇರಿದವರೆಷ್ಟು, ಪರೀಕ್ಷೆಗೆ ಕೂತವರೆಷ್ಟು?" ಪಾಸಾದವರ ಲೆಕ್ಕ ಎಲ್ಲರೂ ಹೇಳ್ತಾರೆ. ಕೂರದೇ ಹೋದವರು ಆ ಲೆಕ್ಕದಲ್ಲಿ ಇರೋದೇ ಇಲ್ಲ. ಮೂರನೇ ಪ್ರಶ್ನೆ ನನ್ನ ಹತ್ತಿರವೇ ಇರಲಿ. ಎಲ್ಲರೂ ಕೇಳಲು ಶುರು ಮಾಡಿದರೆ ಅದಕ್ಕೂ ಉತ್ತರ ಬಾಯಿಪಾಠ ಮಾಡಿಬಿಡ್ತಾರೆ.

ಹದಿನಾಲ್ಕು ವಾರ ಓದಿದೆ. ನಡುವೆ ಬೇರೆ ಬೇರೆ ಪ್ರಯೋಗವೂ ನಡೆದವು. ಕಂಪ್ಯೂಟರಿನಲ್ಲೇ ಜಾಲ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಸಾಕು ಅಂತ ಗೊತ್ತಿದ್ದೂ ಎರಡು ಹಳೇ ಸಿಸ್ಕೋ 2960 ಸ್ವಿಚ್ ಕೊಂಡೆ. ಫ್ಯಾನಿನ ಸದ್ದಿಗೆ ಮನೆಯಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಆದರೂ ಕನ್ಸೋಲ್ ಕೇಬಲ್ ಸಿಗಿಸಿ, ಪಾಸ್‌ವರ್ಡ್ ಮರೆತು, ಮತ್ತೆ ಒಳಗೆ ಹೋಗೋದನ್ನು ಕಲಿತದ್ದು ಅವುಗಳಿಂದಲೇ. ಎರಡು ತಿಂಗಳಾದ ಮೇಲೆ ಹತ್ತಿರ ಹತ್ತಿರ ಕೊಂಡ ಬೆಲೆಗೇ ಮಾರಿದೆ. ಕ್ಲೌಡ್ ಕೂಡ ನೋಡೋಣ ಅಂತ ಒಂದು ಖಾತೆ ತೆರೆದು, ಗಂಟೆ ಲೆಕ್ಕದಲ್ಲಿ ದುಡ್ಡು ಬೀಳುವ ನ್ಯಾಟ್ ಗೇಟ್‌ವೇ ಮಾಡಿ, ಅಳಿಸೋದು ಮರೆತೆ. ಮೂರು ವಾರದ ಹತ್ತಿರ ಓಡಿ 20 ಡಾಲರ್ ಚಿಲ್ಲರೆ ಬಿಲ್ ಬಂತು. ಆಮೇಲಿಂದ ಖಾತೆ ತೆರೆದ ದಿನವೇ ಬಿಲ್ಲಿಂಗ್ ಅಲಾರಂ ಹಾಕುತ್ತೇನೆ.

ಇನ್ನೊಂದು ಪ್ರಯೋಗ ಹೆಚ್ಚು ಉಪಯೋಗಕ್ಕೆ ಬಂತು. ಐಪಿ ವಿಳಾಸಗಳನ್ನು ಗುಂಪಾಗಿ ಒಡೆಯುವ 20 ಸಬ್‌ನೆಟ್ ಲೆಕ್ಕಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹತ್ತು ದಿನ ಮಾಡಿ ಸಮಯ ಬರೆದಿಟ್ಟೆ. ಬೆಳಿಗ್ಗೆ ಹನ್ನೊಂದು ನಿಮಿಷದ ಹತ್ತಿರ ಮುಗಿಯುತ್ತಿತ್ತು, ಕೆಲಸ ಮುಗಿಸಿ ಬಂದ ರಾತ್ರಿ ಹದಿನೇಳು. ಮೇಡಂಗೆ ಹೇಳಿ ಬೆಳಗಿನ ಆರರ ಬ್ಯಾಚ್‌ಗೆ ಬದಲಾದೆ, ಪರೀಕ್ಷೆಯನ್ನೂ ಬೆಳಿಗ್ಗೆಯೇ ಹಾಕಿಸಿಕೊಂಡೆ. ಲ್ಯಾಬ್ ಪ್ರಶ್ನೆಗೆ ಸಮಯ ಹಂಚಿಕೊಳ್ಳುವ ನನ್ನದೇ ಒಂದು ಕ್ರಮವೂ ಇದೆ. ಅದನ್ನು ಒಂದೇ ಸಲ ಪರೀಕ್ಷೆಯಲ್ಲಿ ಬಳಸಿದ್ದೇನೆ, ಇನ್ನೊಮ್ಮೆ ನೋಡಿಕೊಂಡು ಆಮೇಲೆ ಹೇಳುತ್ತೇನೆ.

ಹಳೇ ಬ್ಯಾಚ್‌ನವರೊಬ್ಬರು ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳ ಪಟ್ಟಿ ಕಳಿಸಿದರು. ತೆರೆಯದೆ ಅಳಿಸಿದೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಅದೊಂದು ಕಾರಣ. ಇನ್ನೊಂದು ಕಾರಣ ಇಂಟರ್‌ವ್ಯೂನಲ್ಲಿ ಗೊತ್ತಾಯಿತು.

ಎರಡನೇ ಸಲ ಪಾಸಾದೆ. ಐಪಿ ಕನೆಕ್ಟಿವಿಟಿ 80 ದಾಟಿತ್ತು. ಇಂಟರ್‌ವ್ಯೂಗಳಲ್ಲಿ ಮೊದಲ ಆರು ಕಡೆ ವಯಸ್ಸು ಕೇಳಿ, ಆಮೇಲೆ ತಿಳಿಸ್ತೀವಿ ಅಂದರು. ಏಳನೆಯವರು ಸರ್ಟಿಫಿಕೇಟ್ ನೋಡಲೇ ಇಲ್ಲ. ಒಂದು ಲ್ಯಾಪ್‌ಟಾಪ್ ಕೊಟ್ಟು, ಒಂದು ವಿಲ್ಯಾನ್‌ನ ಪಿಸಿಗಳಿಗೆ ಮಾತ್ರ ಐಪಿ ಸಿಗ್ತಿಲ್ಲ, ಯಾಕೆ ನೋಡಿ ಅಂದರು. ಐಪಿ ಕೋರಿಕೆಯನ್ನು ಡಿಎಚ್‌ಸಿಪಿ ಸರ್ವರ್‌ಗೆ ದಾಟಿಸುವ ಹೆಲ್ಪರ್ ಅಡ್ರೆಸ್ ಇರಲಿಲ್ಲ. ಆರು ನಿಮಿಷದಲ್ಲಿ ಹೇಳಿದೆ. ಇದನ್ನು ಮೇಡಂ ನನ್ನಿಂದ ಕಡಿಮೆ ಅಂದರೂ ಹತ್ತು ಸಲ ಕೆಡಿಸಿ ಸರಿ ಮಾಡಿಸಿದ್ದರು.

ಶುರುವಿನಲ್ಲಿ ರಾತ್ರಿ ಪಾಳಿ, ಸಂಬಳ ಹಳೆಯದಕ್ಕಿಂತ ಶೇಕಡಾ 15 ಕಡಿಮೆ. ಆ ತಿಂಗಳುಗಳು ಮನೆಯಲ್ಲಿ ಎಲ್ಲರಿಗೂ ಕಷ್ಟವಾದವು. ಈ ಹಾದಿ ಹಿಡಿಯುವವರು ಕೋರ್ಸಿನ ಫೀಸಿನ ಜೊತೆಗೆ ಆ ಕೊರತೆಯನ್ನೂ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಂಡಿರಲಿಲ್ಲ. ಎಂಟು ತಿಂಗಳಾದ ಮೇಲೆ ಹಳೇ ಸಂಬಳ ದಾಟಿತು.

ಸಿಸಿಎನ್‌ಎ ಮೂರು ವರ್ಷಕ್ಕೆ ಮುಗಿಯುತ್ತದೆ. ಅದರ ಮುಂದಿನ ಹಂತದ ಪರೀಕ್ಷೆ ಎನ್‌ಕೋರ್ 350-401 ಪಾಸಾದರೆ ಇದೂ ನವೀಕರಣ ಆಗುತ್ತದೆ. ಅದರ ಪಟ್ಟಿಗೆ ಹೋದ ವಾರ ಕೆಂಪು ಗೆರೆ ಹಾಕಿ ಮುಗಿಸಿದೆ. ನಾಲ್ಕು ಕೋರ್ಸಿನವರಿಗೆ ಹಾಳೆ ಹೋಗಿದೆ, ಇಲ್ಲಿಯವರೆಗೆ ಒಬ್ಬರು ಮಾತ್ರ ಗಂಟೆ ತುಂಬಿ ಕಳಿಸಿದ್ದಾರೆ.